ಕಟಕಟೆಯೇರಿದ ವಿಜ್ಞಾನ

ಹೈದರಾಬಾದಿನ ಹಬ್ಸಿಗುಡದಲ್ಲಿರುವ ಸಿ.ಸಿ.ಎಂ.ಬಿ. ಎಂಬ ಜೀವವಿಜ್ಞಾನ ಕೇಂದ್ರದಲ್ಲಿ, ಪಟ್ಟೆಗಳುಳ್ಳ ಕಟ್ಟುಹಾವಿನಲ್ಲಿ ಮೊದಲು ದೊರೆತ ಡಿಎನ್ಎ ತುಣುಕೊಂದನ್ನು ಹಿಡಿದು ಮನುಷ್ಯರ ಗುರುತನ್ನು ನಿಶ್ಚಯಿಸುವ ವಿಧಾನವನ್ನು ಅಲ್ಲಿನ ವಿಜ್ಞಾನಿ ಲಾಲ್‌ಜಿ ಸಿಂಗ್ ಅವರು 1988ರ ಸುಮಾರಿಗೆ ಸಿದ್ಧಪಡಿಸಿದಾಗ, ಅದರ ಸತ್ಯಾಸತ್ಯವನ್ನು ತೂಗುವ ಹೊಣೆ ಬಹುಬೇಗ ವಿದ್ವಾಂಸರ ಕೈಯಿಂದ ಕೇರಳದ ತಲಶ್ಶೇರಿಯ ನ್ಯಾಯಾಲಯಕ್ಕೆ ಬಂದಿತು. ಮಗುವಿನ ತಂದೆ ಯಾರೆಂಬ ವ್ಯಾಜ್ಯದಲ್ಲಿ ಸಾಕ್ಷಿ ನುಡಿಯುವ ವಿಜ್ಞಾನಿಗೆ ಪ್ರಬಂಧವನ್ನು ಓದಿ ಹೇಳಿದರೆ ತೀರದು. ಮಗುವಿನ ರಕ್ತದ ಡಿಎನ್ಎ ಪರೀಕ್ಷೆಯಲ್ಲಿ ಮೂಡುವ ಗೆರೆಗಳ ಪೈಕಿ ತಾಯಿಯಿಂದ ಬಾರದವು ತಂದೆಯಿಂದಲೇ ಬಂದಿರಬೇಕೆಂಬುದನ್ನು, ವಕೀಲರ ಪಾಟೀಸವಾಲಿಗೆ ಜಗ್ಗದೆ ನ್ಯಾಯಾಧೀಶರಿಗೆ ಮನಗಾಣಿಸಬೇಕು.

ಈ ವಿದ್ಯೆಯನ್ನು ನಮ್ಮ ಸಂಶೋಧನ ವಿದ್ಯಾರ್ಥಿಗೆ ಯಾರೂ ಕಲಿಸಿಲ್ಲ. ಐದಾರು ವರ್ಷ ಒಂದೇ ಜೀನಿನ ಬೆನ್ನುಹತ್ತಿ ರಜೆಯಲ್ಲಿ ಊರಿಗೆ ಬಂದವನನ್ನು “ಅದೇನಪ್ಪಾ ನೀನು ಓದ್ತಿರೋದು?” ಎಂದು ತಾಯಿ ಕೇಳಿದರೆ, “ಅದು ನಿನಗೆ ತಿಳಿಯೋಲ್ಲಮ್ಮ” ಎಂಬ ಉತ್ತರ ಬರುತ್ತದೆ. ತಿಳಿಯದಿರುವುದು ತಾಯಿಗಲ್ಲವೆಂದು ನನ್ನ ಗುಮಾನಿ.

ಹೈದರಾಬಾದಿನಲ್ಲೇ ಕಚೇರಿಯುಳ್ಳ, 2008ರಲ್ಲಿ ಆರಂಭವಾದ ಇಂಡಿಯಾ ಅಲಯನ್ಸ್ ಸಂಸ್ಥೆ ಇಂಥ ತರುಣರಿಗಾಗಿ, ತಮ್ಮ ಕೆಲಸವನ್ನು ಜನಕ್ಕೆ ತಿಳಿಸುವುದನ್ನು ಕಲಿಸುವ ಕಾರ್ಯಾಗಾರಗಳನ್ನು ನಡೆಸಿದೆ. ಈ ಬಗೆಯ ಶಿಕ್ಷಣದ ತಿರುಳು ಸಣ್ಣದು, ಅಭ್ಯಾಸ ದೊಡ್ಡದು: ಪ್ರಬಂಧವು ವಿಧಾನದಿಂದ ಫಲದ ಕಡೆಗೆ ನಡೆದರೆ, ಜನಕ್ಕೆ ಹೇಳುವ ಮಾತು ಫಲದಿಂದ ಹೊರಟು, ಬೇಕಾದಷ್ಟೇ ವಿಧಾನವನ್ನು ಮುಟ್ಟಿ, ಸಂದೇಹ ಉಳಿದಿರುವೆಡೆ ಅದನ್ನು ಮರೆಮಾಚದೆ ನಿಲ್ಲಬೇಕು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯವು 2008ರಲ್ಲಿ, ಮೂರೇ ನಿಮಿಷದಲ್ಲಿ ಪ್ರಬಂಧವನ್ನೆಲ್ಲ ಹೇಳಿ ಮುಗಿಸುವ ಸ್ಪರ್ಧೆಯನ್ನು ಆರಂಭಿಸಿತು. ನಮ್ಮ ಕೇಂದ್ರ ಸರಕಾರವೂ 2018ರಲ್ಲಿ, ತಮ್ಮ ಸಂಶೋಧನೆಯನ್ನು ಜನರಿಗಾಗಿ ಬರೆಯುವ ವಿದ್ಯಾರ್ಥಿಗಳಿಗೆ ಒಂದು ಲಕ್ಷ ರೂಪಾಯಿಯ ಪ್ರಥಮ ಬಹುಮಾನವಿಟ್ಟಿತು. ಆ ಯೋಜನೆಯ ಹೆಸರು ‘ಅವಸರ್’. ಹಿಂದಿಯಲ್ಲಿ ಅವಕಾಶವೆಂಬ ಅರ್ಥವಿದ್ದರೂ ಕನ್ನಡದ ಕಿವಿಗೆ ಅದು ಆತುರವೆಂದೇ ಕೇಳಿಸುತ್ತದೆ.

ಇದನ್ನೆಲ್ಲ ಯಾವ ಭಾಷೆಯಲ್ಲಿ ಹೇಳಬೇಕೆಂಬ ಪ್ರಶ್ನೆ ಹೈದರಾಬಾದಿಗೆ ಹೊಸದಲ್ಲ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು, ಅನುವಾದಕ್ಕೆಂದೇ ಒಂದು ಇಲಾಖೆಯನ್ನು ಇಟ್ಟುಕೊಂಡು, ವಿಜ್ಞಾನವನ್ನೂ ಉರ್ದುವಿನಲ್ಲಿಯೇ ಬೋಧಿಸಿತು. ನಿಜಾಮನ ಆಳ್ವಿಕೆಗೆ ಸೇರಿದ್ದ ಕಲಬುರಗಿ, ರಾಯಚೂರು, ಬೀದರ ಜಿಲ್ಲೆಗಳಿಂದ ಅಲ್ಲಿಗೆ ಹೋದ ಕನ್ನಡ ಹುಡುಗರು ಆ ಭಾಷೆಯನ್ನು ದಾಟಿಯೇ ಶಾಸ್ತ್ರವನ್ನು ಮುಟ್ಟಬೇಕಾಗಿತ್ತು. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು. ಇಂದಿನ ತರಬೇತಿಯೋ ಬಹುಪಾಲು ಇಂಗ್ಲಿಷಿನಲ್ಲಿಯೇ ಮುಗಿಯುವುದರಿಂದ ನನಗೆ ಅದು ಅರ್ಧ ತರಬೇತಿಯೆಂದೇ ತೋರುತ್ತದೆ.

ಹಬ್ಬಕ್ಕೆ ಮನೆಗೆ ಬಂದ ಸಂಶೋಧಕನನ್ನು, ಓದುಗರೇ, ಊಟಕ್ಕೆ ಕೂರಿಸಿ ಅವನ ಕೆಲಸವನ್ನು ಕೇಳಿರಿ. ತಿಳಿಯದಿದ್ದರೆ ಇನ್ನೊಮ್ಮೆ ಕೇಳಿರಿ.