ಗುಳೆ ಹೋದಲ್ಲಿ ದೌರ್ಜನ್ಯ, ದೂರು ನಮ್ಮೂರ ಠಾಣೆಯಲ್ಲೇ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಇಲ್ಲಿಂದ ಎಷ್ಟೋ ಕುಟುಂಬಗಳು ಗೋವಾದ ಕಟ್ಟಡ ಕೆಲಸಕ್ಕೆ, ಮಹಾರಾಷ್ಟ್ರದ ಕಬ್ಬಿನ ಗದ್ದೆಗೆ ಗುಳೆ ಹೋಗುತ್ತವೆ. ತಗಡಿನ ಶೆಡ್ಡು, ಚಿಲಕವಿಲ್ಲದ ಬಚ್ಚಲು, ಬಯಲಿಗೆ ಕತ್ತಲಲ್ಲೇ ಹೋಗಬೇಕು. ಮುಂಗಡ ಕೊಟ್ಟವನೇ ಮೈಮೇಲೆ ಕೈಹಾಕಿದರೆ ಹೆಣ್ಣುಮಗಳು ಯಾರಿಗೆ ಹೇಳಬೇಕು?

ಅಕ್ಕಾರ, ಇದನ್ನು ಗಟ್ಟಿ ನೆನಪಿಡ್ರಿ. ಅತ್ಯಾಚಾರ ಗೋವಾದಲ್ಲಿ ನಡೆದಿದ್ದರೂ ಇಂಡಿ ಠಾಣೆಯಲ್ಲಿ ದೂರು ಕೊಡಬಹುದು. ಇದಕ್ಕೆ ಝೀರೋ ಎಫ್‌ಐಆರ್ ಅಂತಾರೆ. ‘ನಮ್ಮ ಹದ್ದಿಗೆ ಬರಲ್ಲ’ ಅಂತ ಪೊಲೀಸರು ವಾಪಸ್ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೇ ಇದು ಇದೆ. ದೂರು ಬರೆದುಕೊಳ್ಳುವವರು ಮಹಿಳಾ ಅಧಿಕಾರಿಯೇ ಆಗಿರಬೇಕು. ಖಾಸಗಿ ಆಸ್ಪತ್ರೆಯೂ ಪ್ರಥಮ ಚಿಕಿತ್ಸೆಗೆ ದುಡ್ಡು ಕೇಳುವಂತಿಲ್ಲ. ಉಟ್ಟ ಬಟ್ಟೆ ಒಗೀಬ್ಯಾಡ್ರಿ, ಕಾಗದದಲ್ಲಿ ಸುತ್ತಿಟ್ಟು ಪೊಲೀಸರಿಗೆ ಕೊಡ್ರಿ.

ಕೆಲಸದ ಜಾಗದ ಕಿರುಕುಳಕ್ಕೆ 2013ರ ಕಾಯ್ದೆಯಿದೆ. ದೂರು ಮಾಲೀಕನ ಮೇಲೇ ಇದ್ದರೆ, ಮೂರು ತಿಂಗಳೊಳಗೆ ಕೆಲಸದ ಜಾಗವಿರುವ ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು.

ಊರ ಹಿರಿಯರಿಗೂ ಒಂದು ಮಾತು. 2017ರ ಡಿಸೆಂಬರ್‌ನಲ್ಲಿ ವಿಜಯಪುರದ ಶಾಲಾ ಬಾಲಕಿಯ ಅತ್ಯಾಚಾರ, ಕೊಲೆಯಾದಾಗ ಜನ ಬೀದಿಗಿಳಿದರು. ಅದೇ ಸಿಟ್ಟು ಕಟ್ಟೆಯ ಮೇಲೆ ರಾಜಿ ಮಾಡಿಸಲು ಕೂತಾಗಲೂ ಇರಬೇಕು. ದುಡ್ಡು ಕೊಡಿಸಿ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ದೌರ್ಜನ್ಯಕ್ಕೊಳಗಾದವಳು ಬಾಲಕಿಯಾಗಿದ್ದರಂತೂ, ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಪೋಕ್ಸೊ ಕಾಯ್ದೆ ಪ್ರಕಾರ ಅಪರಾಧ.

ಸ್ತ್ರೀಶಕ್ತಿ ಸಂಘದ ಅಕ್ಕಾರ, ಈ ಸಲ ಗ್ಯಾಂಗ್ ಹೊರಡುವ ಮುಂಚೆ ಪ್ರತಿ ಹೆಣ್ಣುಮಗಳ ಮೊಬೈಲ್‌ನಲ್ಲಿ ಈ ನಂಬರ್ ಹಾಕಿಕೊಡ್ರಿ: ತುರ್ತಿಗೆ 112, ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098.