ಹಗೇವಿನ ಮಾಳಿಗೆ

ರಾತ್ರಿಯಿಡೀ ಮಳೆ ಹೊಡೆದ ಮರುದಿನ ನರಗುಂದದ ಹಳೇ ಓಣಿಯೊಂದಕ್ಕೆ ಬನ್ನಿ. ಗುಡ್ಡದ ನೆತ್ತಿಗಿನ್ನೂ ಮೋಡ ಅಂಟಿಕೊಂಡಿರುತ್ತದೆ, ಹಸಿ ಗೋಡೆಗಳ ವಾಸನೆಗೆ ಒಲೆಯ ಹೊಗೆ ಬೆರೆತಿರುತ್ತದೆ, ಒಳಗೆಲ್ಲೋ ರೊಟ್ಟಿ ಬಡಿಯುವ ಸಪ್ಪಳ. ಅಂಗಳ ಗುಡಿಸಲು ಬಂದ ಅವ್ವ ಕಸಬರಿಗೆಯನ್ನು ಗೋಡೆಗೊರಗಿಸಿ ಮೊದಲು ನೆಲವನ್ನು ನೋಡುತ್ತಾಳೆ: ಮಳೆನೀರು ಯಾವ ಮೂಲೆಯಲ್ಲಿ ನಿಲ್ಲದೆ ಇಂಗಿತು, ಕಟ್ಟೆಯ ಬುಡದ ಬಿರುಕು ನಿನ್ನೆಗಿಂತ ಬಾಯಿ ಬಿಟ್ಟಿದೆಯೇ, ತಲೆಬಾಗಿಲು ಹೊಸ್ತಿಲಿಗೆ ಉಜ್ಜುತ್ತಿದೆಯೇ. ಪಡಸಾಲೆಯಿಂದ ಇಳಿದ ಅಜ್ಜ ಹಾಸುಗಲ್ಲುಗಳನ್ನು ಬಡಿಗೆಯಿಂದ ಒಂದೊಂದಾಗಿ ಕುಟ್ಟುತ್ತ ಬಂದು ಒಂದೆಡೆ ನಿಲ್ಲುತ್ತಾನೆ. “ಇಲ್ಲಿ ಟೊಳ್ಳ ಬಡಿತೈತಿ. ಹುಡುಗರನ್ನ ಈ ಕಡಿ ಬಿಡಬ್ಯಾಡ್ರಿ.”

ಈ ನೆಲದಡಿ ಹಗೇವುಗಳಿವೆ. ರೋಣ, ನರಗುಂದದ ಎರೆನಾಡಿನಲ್ಲಿ ಜೋಳ ಕಾಯ್ದಿಡಲು ಹಿರಿಯರು ಮನೆಯಂಗಳದಲ್ಲಿ, ಓಣಿಯ ನಡುವೆಯೇ ತೋಡಿಕೊಂಡ ಕಣಜಗಳವು. ಒಬ್ಬ ಆಳು ಇಳಿಯುವಷ್ಟು ಬಾಯಿ, ಕೆಳಗೆ ಹರವಿಯಂತೆ ಅಗಲವಾದ ಹೊಟ್ಟೆ. ಸುತ್ತ ಹುಲ್ಲು ಒತ್ತಿ ಕಾಳು ಸುರಿದು, ಬಾಯಿಗೆ ಕಲ್ಲು ಹಾಕಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಜೋಳ ಕೆಡದು. ಒಳಗಿನ ಗಾಳಿ ಕೆಟ್ಟಿರಬಹುದೆಂದು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಬಿಟ್ಟು, ಅದು ಆರದಿದ್ದರೆ ಮಾತ್ರ ಕಾಲಿಡುವುದು. ಗೋದಾಮು ಬಂದ ಮೇಲೆ ಹಗೇವುಗಳು ಖಾಲಿಯಾದವು. ಕೆಲವನ್ನು ತುಂಬಿದರು, ಕೆಲವನ್ನು ಮುಚ್ಚಿ ಮರೆತರು. ಮೇಲೆ ಅಡುಗೆಮನೆ, ಬಚ್ಚಲು ಎದ್ದವು. ಒಣಗಿದ್ದಷ್ಟು ಕಾಲ ಅವುಗಳ ಮಣ್ಣಿನ ಮಾಳಿಗೆ ಆ ಭಾರವನ್ನೆಲ್ಲ ಹೊತ್ತಿತು. ಅಂತರ್ಜಲ ಮೇಲೇರಿ, ಮಳೆನೀರೂ ಬಚ್ಚಲ ನೀರೂ ಇಂಗತೊಡಗಿದಾಗ ಮೆತ್ತಗಾಯಿತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ತಾಲ್ಲೂಕಿನ ಕೊಣ್ಣೂರು, ಲಖಮಾಪುರಗಳು ನೀರಲ್ಲಿ ನಿಂತವು. ಆ ವರ್ಷದ ಆಚೀಚೆಯೇ ನರಗುಂದದ ಓಣಿಗಳಲ್ಲಿ ನೆಲ ಮತ್ತೆ ಮತ್ತೆ ಕುಸಿದು, ಭೂವಿಜ್ಞಾನಿಗಳು ಬಂದು ನೋಡುವಂತಾಯಿತು.

ಅಜ್ಜನ ಬಡಿಗೆಯ ವಿದ್ಯೆ ಕಲ್ಲಿದ್ದಲ ಗಣಿಯಲ್ಲೂ ಇದೆ. ಪಾಳಿಗೆ ಇಳಿದವರು ತಲೆಯ ಮೇಲಿನ ಬಂಡೆಯನ್ನು ಸರಳಿನಿಂದ ಕುಟ್ಟಿ ಕಿವಿಗೊಡುತ್ತಾರೆ. ಗಟ್ಟಿ ಬಂಡೆ ಖಣಖಣ ಎನ್ನುತ್ತದೆ, ಪದರ ಬಿಟ್ಟದ್ದು ಟೊಳ್ಳು ದನಿ ಕೊಡುತ್ತದೆ. ಧನಬಾದಿನ ಗಣಿ ಸಂಶೋಧನಾ ಸಂಸ್ಥೆಯವರು ಗಣಿಯ ಮಾಳಿಗೆಗೆ 100 ಅಂಕಗಳ ಪರೀಕ್ಷೆಯನ್ನೇ ರೂಪಿಸಿದ್ದಾರೆ: ಪದರದ ದಪ್ಪಕ್ಕೆ 30, ಬಿರುಕು-ಸೀಳುಗಳಿಗೆ 25, ಕಲ್ಲಿನ ಬಲಕ್ಕೆ 15, ನೆನೆದಾಗ ಕಲ್ಲು ಎಷ್ಟು ತಾಳುತ್ತದೆ ಎಂಬುದಕ್ಕೆ 20, ನೀರಿನ ಜಿನುಗಿಗೆ 10. ನರಗುಂದದಲ್ಲಿ ಪರೀಕ್ಷೆ ಮಾಡುವುದಾದರೆ ಕೊನೆಯ ಎರಡಕ್ಕೇ ಹೆಚ್ಚು ತೂಕ ಕೊಡಬೇಕಾದೀತು.

ಗಣಿಗೆ ನಕಾಶೆ ಇರುತ್ತದೆ, ಹಗೇವಿಗಿಲ್ಲ. ಅದಿರುವುದು ಎಪ್ಪತ್ತು ಎಂಬತ್ತು ದಾಟಿದವರ ನೆನಪಿನಲ್ಲಿ. ಅವರನ್ನು ಓಣಿ ಓಣಿ ಕರೆದೊಯ್ದು ಗುರುತು ಹಾಕಿಸಿಕೊಂಡು, ಟೊಳ್ಳಿದ್ದಲ್ಲೆಲ್ಲ ಗರಸು ತುಂಬಿ ದಮ್ಮಸು ಮಾಡುವ ಕೆಲಸ ಮುಂದಿನ ಮಳೆಗೆ ಮೊದಲೇ ಆಗಬೇಕು. ಬಾಯಿ ಸಿಕ್ಕರೂ ಸಾಲದು. ಅಜ್ಜ ಬಡಿಗೆಯನ್ನು ಅಂಗಳದಿಂದೆತ್ತಿ ಪಕ್ಕದ ಮನೆಯ ಅಡುಗೆಕೋಣೆಯತ್ತ ತೋರಿಸುತ್ತಾನೆ: “ಬಾಯಿ ಇಲ್ಲೈತಿ. ಹೊಟ್ಟಿ ಅಲ್ಲೀತನಕ ಹೋಗೈತಿ.”