ಚಂದ್ರನವರೆಗೆ ನೊರಜಿನ ಸಾಲು

ಬೆಳಗಿನ ಕಾಫಿ ಲೋಟಕ್ಕೆ ಒಂದು ನೊರಜು ಬಿತ್ತು. ಬೆರಳ ತುದಿಯಲ್ಲಿ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಹೆಚ್ಚೆಂದರೆ ಎರಡೂವರೆ ಮಿಲಿಮೀಟರ್ ಉದ್ದ, ಕಪ್ಪು ಮೈ, ದಾರದೆಳೆಯಂಥ ಕಾಲು, ಹೊಗೆಬಣ್ಣದ ರೆಕ್ಕೆ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ರೆಕ್ಕೆ ಬಂದ ಮೇಲೆ ಇದು ಬದುಕುವುದೇ ಒಂದು ವಾರ, ಹತ್ತು ದಿನ. ಅಡುಗೆಮನೆ ಕಿಟಕಿಯ ಮನಿ ಪ್ಲಾಂಟ್ ಕುಂಡದಿಂದ ಎದ್ದು ಬಂದದ್ದೆಂದು ಗೊತ್ತಿತ್ತು. ನೀರು ಹಾಕಿದಾಗಲೆಲ್ಲ ಅಲ್ಲಿಂದ ನಾಲ್ಕಾರು ಹಾರುತ್ತವೆ. ಕೆಲವರು ಇದನ್ನು ಗುಂಗುರು ಅನ್ನುತ್ತಾರೆ, ಕೆಲವರು ನುಸಿ. ತೆಂಗಿನ ತೋಟದವರ ಮುಂದೆ ಮಾತ್ರ ನುಸಿ ಅನ್ನಬೇಡಿ, ಅವರಿಗೆ ಕಾಯಿ ಕೆಡಿಸಿದ ನುಸಿಪೀಡೆ ನೆನಪಾಗಿ ಮುಖ ಬಾಡುತ್ತದೆ.

ಕಾಫಿ ಚೆಲ್ಲಿ, ಹಾಳೆ ಪೆನ್ನು ಹಿಡಿದು ಕೂತೆ. ಒಂದು ಹೆಣ್ಣು ನೊರಜು ಒದ್ದೆ ಮಣ್ಣಿನಲ್ಲಿ 100ರಿಂದ 200 ಮೊಟ್ಟೆ ಇಡುತ್ತದೆ. 150 ಅಂತ ಹಿಡಿಯೋಣ, ಅರ್ಧ ಹೆಣ್ಣು. ಮೊಟ್ಟೆಯೊಡೆದು, ಹುಳುವಾಗಿ, ಕೋಶವಾಗಿ, ರೆಕ್ಕೆ ಬಂದು ಮತ್ತೆ ಮೊಟ್ಟೆಯಿಡಲು ಮೂರು ನಾಲ್ಕು ವಾರ. 25 ದಿನ ಅನ್ನೋಣ. ಮೊಟ್ಟೆಯಿಡುವ ಮುಂಚೆ ಯಾವುದೂ ಸಾಯದಿದ್ದರೆ? ಯುಗಾದಿ ದಿನದ ಒಂದೇ ಒಂದು ತಾಯಿ 25 ದಿನಕ್ಕೆ 150 ಆಗುತ್ತದೆ, 50 ದಿನಕ್ಕೆ 11,250. 75ನೇ ದಿನಕ್ಕೆ 8,43,750. ನೂರನೇ ದಿನ 6.3 ಕೋಟಿ, ಅಂದರೆ 2011ರ ಗಣತಿಯಲ್ಲಿ ಕರ್ನಾಟಕದಲ್ಲಿದ್ದ ಜನರಿಗಿಂತ ಹೆಚ್ಚು. 125ನೇ ದಿನ 474 ಕೋಟಿ. 150ನೇ ದಿನ, ಗಣೇಶನ ಹಬ್ಬಕ್ಕೆ ಇನ್ನೂ ಮಣ್ಣು ಕಲಸುತ್ತಿರುವಾಗ, 35,595 ಕೋಟಿ. ಒಂದರ ಹಿಂದೆ ಒಂದು ಸಾಲು ನಿಲ್ಲಿಸಿದರೆ 8.9 ಲಕ್ಷ ಕಿಲೋಮೀಟರ್. ಚಂದ್ರನಿಗೆ ಹೋಗಿ ವಾಪಸು ಬಂದು, ಭೂಮಿಯನ್ನು ಮೂರು ಸುತ್ತು ಸುತ್ತುವಷ್ಟು.

ಹಾಗಾಗುವುದಿಲ್ಲ. ಯಾಕಾಗುವುದಿಲ್ಲ ಅನ್ನುವುದರ ಲೆಕ್ಕ ನನಗೆ ಚಂದ್ರನ ಲೆಕ್ಕಕ್ಕಿಂತ ಸೋಜಿಗ. ಕುಂಡದಲ್ಲಿ ನೊರಜು ಹೆಚ್ಚದೆ ಕಡಿಮೆಯಾಗದೆ ಇದ್ದಷ್ಟೇ ಇರಬೇಕಾದರೆ 150 ಮೊಟ್ಟೆಗಳಲ್ಲಿ ಎರಡು ಮಾತ್ರ ದಡ ಸೇರಬೇಕು, 148 ಸಾಯಬೇಕು. ಎರಡರ ಬದಲು ಮೂರು ಉಳಿದರೆ ಅದೇ ಐದು ತಿಂಗಳಲ್ಲಿ ಸಂಖ್ಯೆ ಹನ್ನೊಂದು ಪಟ್ಟು. ಎರಡರ ಬದಲು ಒಂದೇ ಉಳಿದರೆ ಅರವತ್ತನಾಲ್ಕರಲ್ಲಿ ಒಂದು ಪಾಲು. ಅಡುಗೆಮನೆಯ ತುಂಬ ನೊರಜೋ, ಹುಡುಕಿದರೂ ಸಿಗದ ನೊರಜೋ ಅನ್ನುವುದು ನಿಂತಿರುವುದು ಅದೊಂದು ಮೊಟ್ಟೆಯ ಮೇಲೆ. ಹಾರುವ ನೊರಜಿಗೆ ಚಪ್ಪಾಳೆ ತಟ್ಟುತ್ತ ಮನೆಯೆಲ್ಲ ಓಡಾಡಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಅದು ಆಗಲೇ ಮೊಟ್ಟೆಯಿಟ್ಟು ಮುಗಿಸಿರುತ್ತದೆ.

ಹುಳುವನ್ನು ನೋಡಬೇಕಾದರೆ ಆಲೂಗೆಡ್ಡೆಯನ್ನು ಬಿಲ್ಲೆಯಾಗಿ ಕೊಯ್ದು ಮಣ್ಣಿಗೆ ಒತ್ತಿಡಬೇಕು. ಎರಡು ದಿನ ಬಿಟ್ಟು ಮಗುಚಿದೆ. ತೇವ ಕೂತ ಬಿಳಿ ಮೈಮೇಲೆ ಹನ್ನೊಂದು ಇದ್ದವು. ಶಾವಿಗೆಯ ಚೂರಿನಂತೆ, ಆದರೆ ಗಾಜಿನ ಶಾವಿಗೆ. ತಲೆ ಮಾತ್ರ ಮಿರಮಿರ ಕರಿ ಸಾಸಿವೆ. ಭೂತಗನ್ನಡಿ ಹಿಡಿದರೆ ತಿಂದ ಮಣ್ಣು ಹೊಟ್ಟೆಯೊಳಗೆ ಕಪ್ಪು ಗೆರೆಯಾಗಿ ಸರಿಯುವುದು ಕಾಣುತ್ತದೆ. ಇವುಗಳ ಊಟ ಬೂಷ್ಟು, ಪಾಚಿ, ಕೊಳೆತ ಎಲೆ. ಅದು ಸಾಲದಾದಾಗ ಎಳೆ ಬೇರು. ಬಲಿತ ಗಿಡಕ್ಕೆ ಅಷ್ಟೇನೂ ಬಾಧೆಯಿಲ್ಲ, ಸಸಿಮಡಿಗೆ ಮತ್ತು ಆಗಷ್ಟೇ ನೆಟ್ಟ ಕಡ್ಡಿಗೆ ಗಂಡಾಂತರ. ಯುರೋಪಿನ ಕಾಡುಗಳಲ್ಲಿ ಇವುಗಳ ದಾಯಾದಿ ಸಿಯಾರಾ ಮಿಲಿಟಾರಿಸ್ ಇದೆ. ಅದರ ಹುಳುಗಳು ಸಾವಿರಗಟ್ಟಲೆ ಲೋಳೆಯಲ್ಲಿ ಅಂಟಿಕೊಂಡು, ಮಾರುಗಟ್ಟಲೆ ಉದ್ದದ ಒಂದೇ ಹಾವಿನಂತೆ ನೆಲದ ಮೇಲೆ ಹರಿಯುತ್ತವೆ.

ಕುಂಡದ ನೊರಜಿನ ಬಳಗದ್ದೇ ಆದ ಬ್ರಾಡಿಸಿಯಾ ಕೊಪ್ರೊಫಿಲಾ ಎಂಬ ನೊರಜಿನಲ್ಲಿ ಒಂದು ತಾಯಿಗೆ ಹುಟ್ಟುವುದೆಲ್ಲ ಹೆಣ್ಣು, ಇನ್ನೊಂದು ತಾಯಿಗೆ ಹುಟ್ಟುವುದೆಲ್ಲ ಗಂಡು. ನನ್ನ ಚಂದ್ರಯಾನ ಮೊದಲ ಮೆಟ್ಟಿಲಲ್ಲೇ ಮುಗ್ಗರಿಸಿತಲ್ಲ! ಒಂಟಿ ತಾಯಿಯಿಂದ ವಂಶ ಬೆಳೆಯುವುದೇ ಇಲ್ಲ, ನೆರೆಯ ಕುಂಡದ ಬೀಗರು ಬೇಕು. ಇನ್ನೂ ವಿಚಿತ್ರವೆಂದರೆ ಗಂಡು ನೊರಜು ವೀರ್ಯ ಮಾಡುವಾಗ ಅಪ್ಪನ ಕಡೆಯಿಂದ ಬಂದ ಕ್ರೋಮೋಸೋಮುಗಳನ್ನು ಹೆಚ್ಚುಕಮ್ಮಿ ಪೂರ್ತಿ ಹೊರಗೆಸೆದು, ಅಮ್ಮನ ಕಡೆಯವನ್ನು ಮಾತ್ರ ಮಕ್ಕಳಿಗೆ ದಾಟಿಸುತ್ತದೆ. ಯಾವುದು ಅಪ್ಪನದು, ಯಾವುದು ಅಮ್ಮನದು ಎಂಬ ಗುರುತು ಕ್ರೋಮೋಸೋಮಿಗೇ ಬಿದ್ದಿರುತ್ತದೆ. 1960ರಲ್ಲಿ ಹೆಲೆನ್ ಕ್ರೌಸ್ ಆ ಗುರುತಿಗೆ ‘ಇಂಪ್ರಿಂಟಿಂಗ್’ ಎಂದು ಹೆಸರಿಟ್ಟರು. ಇವತ್ತು ಮನುಷ್ಯರ ಕೆಲವು ಹುಟ್ಟುಕಾಯಿಲೆಗಳ ಬಗ್ಗೆ ಡಾಕ್ಟರುಗಳು ಬಳಸುವ ಮಾತು ಇದೇ, ಬಂದದ್ದು ನೊರಜಿನಿಂದ.

ತಂಗಿ ಮ್ಯಾಂಚೆಸ್ಟರಿನಲ್ಲಿದ್ದಾಳೆ. ಅಲ್ಲಿನ ಚಳಿಗೆ ಕರಿಬೇವಿನ ಗಿಡ ಮನೆಯೊಳಗೇ ಇರಬೇಕು, ಗಿಡದ ಜೊತೆ ನೊರಜೂ. ಹೋದ ತಿಂಗಳು ಫೋನ್ ಮಾಡಿದಳು.

“ಅಕ್ಕಾ, ಐವತ್ತು ಲಕ್ಷ ಹುಳ ಪೋಸ್ಟಲ್ಲಿ ಬಂದಿದೆ ಕಣೇ.”

“ಅಯ್ಯೋ, ಎಲ್ಲಿಟ್ಟಿದೀಯೇ?”

“ಫ್ರಿಜ್ಜಲ್ಲಿ, ಇಡ್ಲಿ ಹಿಟ್ಟಿನ ಪಕ್ಕ.”

ನೊರಜಿನ ಹುಳು ಕೊಲ್ಲಲು ಅವಳು ತರಿಸಿದ್ದು ಸ್ಟೈನರ್ನೀಮಾ ಫೆಲ್ಟಿಯೇ ಎಂಬ ಜಂತು. ಒಂದೊಂದೂ ಒಂದು ಮಿಲಿಮೀಟರಿಗಿಂತ ಗಿಡ್ಡ, ಕೂದಲಿಗಿಂತ ತೆಳು. ಅಂಗೈಯಗಲದ ಪೊಟ್ಟಣದಲ್ಲಿ ಮೈಸೂರು ನಗರದ ಐದು ಪಟ್ಟು ಜನಸಂಖ್ಯೆ. ತುದಿಗೆ ತುದಿ ಜೋಡಿಸಿದರೆ ನಾಲ್ಕು ಕಿಲೋಮೀಟರು. ಚದರ ಮೀಟರಿಗೆ ಎರಡೂವರೆಯಿಂದ ಐದು ಲಕ್ಷದಂತೆ ನೀರಲ್ಲಿ ಕದಡಿ ಸುರಿಯಬೇಕು, ಅಂದರೆ ಎಂಟಿಂಚು ಅಗಲದ ಒಂದು ಕುಂಡಕ್ಕೆ ಎಂಟು ಸಾವಿರದಿಂದ ಹದಿನಾರು ಸಾವಿರ. ಜಂತು ನೊರಜಿನ ಹುಳುವಿನೊಳಗೆ ನುಗ್ಗಿ ತನ್ನ ಹೊಟ್ಟೆಯಲ್ಲಿ ಹೊತ್ತು ತಂದ ಬ್ಯಾಕ್ಟೀರಿಯಾವನ್ನು ಹೊರಬಿಡುತ್ತದೆ. ಎರಡು ಮೂರು ದಿನದಲ್ಲಿ ಹುಳು ಸಾಯುತ್ತದೆ, ಹೆಣದೊಳಗೇ ಜಂತುಗಳ ಸಂಸಾರ ಬೆಳೆಯುತ್ತದೆ. ನಮ್ಮಲ್ಲೂ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋದವರು ಇಂಥದೇ ಇನ್ನೊಂದು ಜಂತುವನ್ನು ಗೊಣ್ಣೆಹುಳುವಿನ ಮೇಲೆ ಛೂ ಬಿಡಲು ಪುಡಿಯ ರೂಪಕ್ಕೆ ತಂದಿದ್ದಾರೆ.

ಐವತ್ತು ಲಕ್ಷ ಕೇಳಿ ಹೌಹಾರಿದ ನಾನು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೆಕ್ಕವನ್ನು ಆಮೇಲೆ ಓದಿದೆ. ಭೂಮಿಯ ಮೇಲ್ಮಣ್ಣಿನಲ್ಲಿರುವ ಜಂತುಗಳು 44 ಬರೆದು ಮುಂದೆ 19 ಸೊನ್ನೆ ಹಾಕಿದಷ್ಟು. ನಮ್ಮ ತಲೆಗೊಂದಕ್ಕೆ 5,700 ಕೋಟಿ! ಒಟ್ಟು ತೂಕ 30 ಕೋಟಿ ಟನ್, ಮನುಷ್ಯರನ್ನೆಲ್ಲ ತಕ್ಕಡಿಗೆ ಹಾಕಿದರೆ ಬರುವುದರ ಸುಮಾರು ಐದರಲ್ಲಿ ನಾಲ್ಕು ಪಾಲು. ತಂಗಿಯ ಪೊಟ್ಟಣ ಸಮುದ್ರಕ್ಕೆ ಚಿಟಿಕೆ ಉಪ್ಪು.

ಜಂತು ಬೇಡವೆಂದರೆ ಬಿಟಿಐ ಇದೆ, 1976ರಲ್ಲಿ ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ. ಸೊಳ್ಳೆಮರಿಗೆಂದು ಬಂದದ್ದು ನೊರಜಿನ ಹುಳುವಿಗೂ ಆಗುತ್ತದೆ; ಅದರ ಹರಳು ಕರುಳಲ್ಲಿ ಕರಗಿ ಕರುಳನ್ನೇ ಒಡೆಯುತ್ತದೆ. ಹಳದಿ ಅಂಟುಪಟ್ಟಿ ರೆಕ್ಕೆಯವನ್ನು ಹಿಡಿಯುತ್ತದೆ, ಎಷ್ಟಿವೆಯೆಂದು ಎಣಿಸುವುದಕ್ಕೆ ಒಳ್ಳೆಯದು. ನೀರು ಬಿದ್ದಾಗ ಮಣ್ಣಿನಿಂದ ಚಿಮ್ಮುವ ಬಿಳಿ ಚುಕ್ಕೆಗಳು ನೊರಜಿನ ಹುಳುವಲ್ಲ, ಬೇರೆ ಪಾಪದ ಜೀವಿಗಳು, ಬಿಟ್ಟುಬಿಡಿ.

ನನ್ನ ಅನುಭವದಲ್ಲಿ ಆ 149ನೇ ಮೊಟ್ಟೆಯನ್ನು ಕೊಲ್ಲುವ ಅಗ್ಗದ ಔಷಧ ನೀರು ಹಾಕದಿರುವುದು. ಮೊಟ್ಟೆಯೂ ಹುಳುವೂ ಇರುವುದು ಹೆಚ್ಚಾಗಿ ಮೇಲಿನ ಎರಡು ಮೂರು ಇಂಚಿನಲ್ಲಿ. ಬೆರಳನ್ನು ಎರಡು ಗೆಣ್ಣು ಊರಿದಾಗ ಒಣಗಿದೆ ಅನಿಸುವವರೆಗೆ ಚೊಂಬು ಮುಟ್ಟಬಾರದು. ನಾವು ಎಡವುವುದು ಕುಂಡಕ್ಕೆ ತುಂಬುವ ಕೋಕೋಪೀಟಿನಲ್ಲಿ. ತಿಪಟೂರು, ಅರಸೀಕೆರೆ ಕಡೆ ತೆಂಗಿನ ನಾರು ತೆಗೆದ ಮೇಲೆ ಉಳಿಯುವ ಆ ಪುಡಿ ತನ್ನ ತೂಕದ ಎಂಟು ಪಟ್ಟು ನೀರು ಹಿಡಿಯುತ್ತದೆ. ಐದು ಕಿಲೋದ ಇಟ್ಟಿಗೆ ನೆನೆದರೆ ಎಪ್ಪತ್ತು ಲೀಟರಿನ ಆಸುಪಾಸು ಉಬ್ಬುತ್ತದೆ. ಮೇಲೆ ಒಣಗಿದಂತೆ ಬಣ್ಣ ತಿರುಗಿದರೂ ಒಳಗೆ ಜಿನುಗುತ್ತಿರುತ್ತದೆ. ಬಣ್ಣ ನೋಡಿ ನೀರು ಹಾಕುವವರೆಲ್ಲ ನೊರಜಿಗೆ ಬಾಣಂತನ ಮಾಡುವವರು. ನಾನೂ ಎರಡು ವರ್ಷ ಮಾಡಿದೆ.

ಮೂರು ವಾರ ಒಣಗಿಸಿ, ಮೇಲೆ ಬೆರಳಗಲ ಮರಳು ಹಾಸಿದೆ. ಮನಿ ಪ್ಲಾಂಟ್ ಒಂಚೂರು ಮುನಿಸಿಕೊಂಡು ಎಲೆ ಇಳಿಬಿಟ್ಟಿತ್ತು. ನಿನ್ನೆ ಮರಳು ಸರಿಸಿ, ಹೊಸ ಆಲೂಗೆಡ್ಡೆ ಬಿಲ್ಲೆಯನ್ನು ಮಗುಚಿ, ಕನ್ನಡಕ ಏರಿಸಿ ಎಣಿಸಿದೆ. ಎರಡು. ಸಮಾಧಾನವಾಗಿ ಚೊಂಬಿಗೆ ಕೈಹಾಕುವಷ್ಟರಲ್ಲಿ ಸಿಪ್ಪೆಯ ಅಂಚಿನಿಂದ ಇನ್ನೊಂದು ಕರಿ ತಲೆ ಹೊರಬಂತು. ಚೊಂಬನ್ನು ಅಲ್ಲೇ ಇಟ್ಟೆ.